ಹೆಂಡತಿ ಊರಲ್ಲಿ (ಜಾವಾ, ಙಾವಿ ಜಿಲ್ಲೆ) ಭತ್ತದ ಗದ್ದೆ ಭೋಗ್ಯಕ್ಕೆ ಹಾಕಿಸ್ಕೋಬಹುದಾ? ಹಂಚಿಕೆ ವಿಷಯಾನೂ ಇದೆ, ಗೊತ್ತಿರೋರು ಹೇಳಿ

ಸುರಬಾಯ_ಸೀನ

ನಮಸ್ಕಾರ ಎಲ್ರಿಗೂ. ಇಂಡೋನೇಷ್ಯಾದಲ್ಲಿ ಇರೋರು, ಅಲ್ಲಿ ಹಳ್ಳಿ ಕಡೆ ಓಡಾಡಿರೋರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ಹೇಳಿ. ನಾನು ಸುರಬಾಯದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದೀನಿ, ಪಾಸ್‌ಪೋರ್ಟ್ ಇಂಡಿಯಾದ್ದೇ. ಹೆಂಡತಿ ಇಲ್ಲಿಯವಳು, ತವರು ಪೂರ್ವ ಜಾವಾದ ಙಾವಿ ಜಿಲ್ಲೆಯ ಒಂದು ಹಳ್ಳಿ. ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ, ದಕ್ಷಿಣಕ್ಕೆ ಲಾವು ಬೆಟ್ಟ, ಮನೆಗಳೆಲ್ಲ ಒಂದೇ ಕಡೆ ಮರಗಳ ಮಧ್ಯೆ ಗುಂಪಾಗಿ ಇದಾವೆ, ಹಬ್ಬಕ್ಕೆ ಹೋದಾಗ ತುಂಬಾ ಇಷ್ಟ ಆಗತ್ತೆ.

ವಿಷಯ ಏನಂದ್ರೆ ಮಾವನಿಗೆ ವಯಸ್ಸಾಯ್ತು, ಗದ್ದೆ ಈಗ್ಲೇ ಹಂಚಿಬಿಡ್ತೀನಿ ಅಂತಿದಾರೆ. ಸುಮಾರು ಒಂದು ಬಾವು ಇದೆ, ಇಲ್ಲಿನ ಹಳೇ ಅಳತೆ, ಏಳು ಸಾವಿರ ಚದರ ಮೀಟರ್ ಅಂತ ಲೆಕ್ಕ ಹಿಡೀತಾರೆ. ಮೂರು ಜನ ಮಕ್ಕಳು, ಅಣ್ಣ ತೈವಾನ್‌ನಲ್ಲಿ ದುಡೀತಿದಾನೆ, ಅಕ್ಕ ಅದೇ ಊರಲ್ಲಿ, ನನ್ನ ಹೆಂಡತಿ ಕೊನೆಯವಳು. ಸರ್ಟಿಫಿಕೇಟ್ ಅಂತ ಇಲ್ಲ, ಊರಿನ ಆಫೀಸಲ್ಲಿರೋ ಲೆಟರ್ ಸಿ ಪುಸ್ತಕದಲ್ಲಿ ಇನ್ನೂ ತಾತನ ಹೆಸರೇ ಇದೆಯಂತೆ, ತೆರಿಗೆ ಚೀಟಿ ಮಾತ್ರ ಮಾವನ ಹೆಸರಿಗೆ ಬರತ್ತೆ. ಅದರ ಪಕ್ಕದಲ್ಲೇ ಇನ್ನೊಂದು ಒಳ್ಳೇ ಗದ್ದೆ ಇದೆ, ಅದನ್ನ ಚಿಕ್ಕಮಾವ ಮಾಡ್ತಾರೆ, ಅವರು ಆ ಭಾಗದ ಕಾಮಿತುವೊ, ಅಂದ್ರೆ ಊರಿನ ಒಂದು ಕೇರಿಗೆ ಮುಖ್ಯಸ್ಥ. ಅದೂ ಮನೆತನದ್ದೇ ಇರಬೇಕು, ಅದೂ ಹಂಚಿಕೆಗೆ ಬರತ್ತಾ ಗೊತ್ತಾಗ್ತಿಲ್ಲ, ಕೇಳೋಕೆ ಮುಜುಗರ.

ಇದರ ಮಧ್ಯೆ ಪಕ್ಕದ ಮನೆಯವರು ಮಗನ್ನ ಕೊರಿಯಾಗೆ ಕಳಿಸ್ಬೇಕು ದುಡ್ಡು ಬೇಕು ಅಂತ ಅರ್ಧ ಬಾವು ಗದ್ದೆನ ಗಡಾಯ್‌ಗೆ ಕೊಡ್ತೀನಿ ಅಂದಿದಾರೆ. 50 ಜುತಾ ಕೇಳ್ತಿದಾರೆ (ಒಂದು ಜುತಾ ಅಂದ್ರೆ ಹತ್ತು ಲಕ್ಷ ರುಪಿಯಾ). ದುಡ್ಡು ವಾಪಸ್ ಕೊಡೋವರೆಗೂ ಗದ್ದೆ ನಮ್ಮದು, ಬೆಳೆ ನಮ್ಮದು ಅಂತ. ನಮ್ಮ ಭೋಗ್ಯದ ಲೆಕ್ಕಾನೇ ಅನ್ಸತ್ತೆ. ನನ್ನ ಹತ್ರ ದುಡ್ಡಿದೆ. ಹಾಕ್ಲಾ? ಅಥವಾ ಹೆಂಡತಿ ಹೆಸರಲ್ಲಿ ಸೀದಾ ಕೊಂಡೇ ಬಿಡೋದು ಒಳ್ಳೇದಾ, ಮುಂದೆ ಅದರಲ್ಲೇ ಒಂದು ಪುಟ್ಟ ಮನೆ ಕಟ್ಟೋ ಆಸೆನೂ ಇದೆ.

ಕಾಗದ_ಪತ್ರ

ಸೀನ, ಮೊದಲು ಎರಡು ಪ್ರಶ್ನೆ. ಮದುವೆಗೆ ಮುಂಚೆ ಆಸ್ತಿ ಬೇರೆ ಬೇರೆ ಅಂತ ನೋಟರಿ ಹತ್ರ ಒಪ್ಪಂದ ಮಾಡಿದೀರಾ? ಹೆಂಡತಿ ಕೆಟಿಪಿ (ಗುರುತಿನ ಕಾರ್ಡು) ಯಾವ ಊರಿನ ವಿಳಾಸದಲ್ಲಿದೆ? ಉತ್ತರ ಗೊತ್ತಿಲ್ದೆ ಯಾರು ಏನೇ ಹೇಳಿದ್ರೂ ಕೇಳಬೇಡಿ.

ಯಾಕೆ ಅಂತ ಹೇಳ್ತೀನಿ. 1960ರ ಭೂಮಿ ಕಾನೂನು (ಐದನೇ ನಂಬರ್ ಕಾನೂನು ಅಂತಾರೆ) ಪ್ರಕಾರ ಹಕ್ ಮಿಲಿಕ್ ಅನ್ನೋ ಪೂರ್ತಿ ಒಡೆತನ ಇಂಡೋನೇಷ್ಯಾ ಪ್ರಜೆಗೆ ಮಾತ್ರ. ನೀವು ವಿದೇಶಿ, ನಿಮಗಿಲ್ಲ, ಅದು ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋದು ಏನಂದ್ರೆ ಮದುವೆ ಆದ್ಮೇಲೆ ಗಂಡ ಹೆಂಡತಿ ಕೊಂಡಿದ್ದೆಲ್ಲ 1974ರ ಮದುವೆ ಕಾನೂನು ಪ್ರಕಾರ ಜಂಟಿ ಆಸ್ತಿ, ಯಾರ ಹೆಸರಲ್ಲಿ ಇದ್ರೂನೂ. ಜಂಟಿ ಅಂದ್ರೆ ಅರ್ಧ ನಿಮ್ಮದು, ನೀವು ವಿದೇಶಿ, ಹಾಗಾಗಿ ಹೆಂಡತಿ ಸ್ವಂತ ದುಡ್ಡಲ್ಲಿ ಕೊಂಡ್ರೂ ಆ ಹಕ್ಕು ಒಂದು ವರ್ಷದೊಳಗೆ ಬಿಟ್ಟುಕೊಡ್ಬೇಕು ಅನ್ನತ್ತೆ ಕಾನೂನು. ಮಿಶ್ರ ಮದುವೆ ಆಗಿರೋ ಹೆಣ್ಮಕ್ಕಳು ಇದರಿಂದ ವರ್ಷಗಟ್ಟಲೆ ಒದ್ದಾಡಿದಾರೆ, ಸ್ವಂತ ದೇಶದಲ್ಲಿ ಸ್ವಂತ ದುಡ್ಡಲ್ಲಿ ಒಂದು ಸೈಟ್ ತಗೊಳ್ಳೋಕಾಗದೆ. 2016ರ ಅಕ್ಟೋಬರ್‌ನಲ್ಲಿ ಸಂವಿಧಾನ ಕೋರ್ಟು, ಆ ಒಪ್ಪಂದ ಮದುವೆ ಆದ್ಮೇಲೂ ಮಾಡ್ಕೋಬಹುದು ಅಂತ ತೀರ್ಪು ಕೊಟ್ಟಿದೆ. ಸೋ ಇನ್ನೂ ಮಾಡಿಲ್ಲ ಅಂದ್ರೆ ನೋಟರಿ ಹತ್ರ ಮಾಡ್ಸಿ, ಮದುವೆ ಎಲ್ಲಿ ರಿಜಿಸ್ಟರ್ ಆಗಿದ್ಯೋ ಅಲ್ಲಿ ದಾಖಲು ಮಾಡ್ಸಿ, ಆಮೇಲೆ ಕೊಳ್ಳೋ ಮಾತು.

ಅಪ್ಪನಿಂದ ಪಾಲು ಬರೋದಾದ್ರೆ ಈ ಗೋಳಿಲ್ಲ. ಪಿತ್ರಾರ್ಜಿತ ಅವಳ ಸ್ವಂತದ್ದು, ಜಂಟಿಗೆ ಸೇರಲ್ಲ. ಆದ್ರೂ ಆಫೀಸಲ್ಲಿ ವಿದೇಶಿ ಗಂಡ ಅಂದ ಕೂಡ್ಲೇ ಒಂದು ಸಲ ಹುಬ್ಬೇರಿಸ್ತಾರೆ, ಒಪ್ಪಂದದ ಕಾಪಿ ಇದ್ರೆ ಬೇಗ ಮುಗಿಯತ್ತೆ.

ಕೆಟಿಪಿ ಯಾಕೆ ಕೇಳಿದ್ದು ಅಂದ್ರೆ, ವ್ಯವಸಾಯದ ಜಮೀನು ಇರೋ ಕೆಚಮತಾನ್‌ನಲ್ಲೇ (ಹೋಬಳಿ ಅಂದ್ಕೊಳ್ಳಿ) ಮಾಲೀಕ ವಾಸ ಇರಬೇಕು ಅಂತ 1961ರಿಂದ ನಿಯಮ ಇದೆ. ಪಕ್ಕದ ಕೆಚಮತಾನ್ ಆದ್ರೆ ಪರವಾಗಿಲ್ಲ, ಸುರಬಾಯದಲ್ಲಿ ಕೂತ್ಕೊಂಡು ಙಾವಿಯಲ್ಲಿ ಗದ್ದೆ ಕೊಳ್ಳೋಕೆ ಆಗಲ್ಲ. ಸರ್ಕಾರಿ ನೌಕರರಿಗೆ ವಿನಾಯಿತಿ ಇದೆ. ಪಾಲಿನಲ್ಲಿ ಬಂದ್ರೂ ಒಂದು ವರ್ಷದೊಳಗೆ ವಾಸ ಅಲ್ಲಿಗೆ ಬದಲಾಯಿಸ್ಬೇಕು, ಇಲ್ಲಾ ಅಲ್ಲೇ ಇರೋರಿಗೆ ಕೊಡ್ಬೇಕು ಅಂತ ಕಾನೂನು. ಎಷ್ಟು ಜನ ಪಾಲಿಸ್ತಾರೆ ಅಂತ ಕೇಳಬೇಡಿ, ನಗೋದಷ್ಟೇ. ಆದ್ರೆ ಹೊಸದಾಗಿ ಕ್ರಯ ಮಾಡಿಸೋಕೆ ಪಿಪಿಎಟಿ ಹತ್ರ (ಜಮೀನು ಕ್ರಯಪತ್ರ ಬರೆಯೋ ಅಧಿಕಾರ ಇರೋ ನೋಟರಿ) ಹೋದಾಗ ಮೊದಲು ನೋಡೋದೇ ಕೆಟಿಪಿ.

ಗದ್ದೆಯಲ್ಲಿ ಮನೆ ಕಟ್ಟೋ ಆಸೆ ಸದ್ಯಕ್ಕೆ ಮಡಚಿಡಿ. 2009ರ 41ನೇ ಕಾನೂನು ಆಹಾರ ಬೆಳೆಯೋ ಜಮೀನು ಕಾಪಾಡೋಕೆ ಅಂತಾನೇ ಬಂದಿದ್ದು, ಆಮೇಲೆ ಕಾಪಾಡ್ಬೇಕಾದ ಗದ್ದೆಗಳ ನಕ್ಷೆ ಬೇರೆ ಮಾಡಿದಾರೆ. ಙಾವಿ ಅಂದ್ರೆ ಭತ್ತದ ಕಣಜ, ಅಲ್ಲಿ ನೀರಾವರಿ ಗದ್ದೆನ ಒಣಗಿಸಿ ಮನೆ ಕಟ್ಟೋಕೆ ಪರ್ಮಿಷನ್ ಸುಲಭಕ್ಕೆ ಸಿಗಲ್ಲ.

ಬಾಲಿ_ಬಸ್ಯ

ಇಷ್ಟೆಲ್ಲಾ ಯಾಕೆ ಗುರೂ. ನಂಬಿಕಸ್ಥ ಫ್ರೆಂಡ್ ಹೆಸರಲ್ಲಿ ತಗೋ, ಪಕ್ಕದಲ್ಲಿ ಒಂದು ಸಾಲದ ಅಗ್ರಿಮೆಂಟ್ ಬರಸ್ಕೋ, ಇಲ್ಲಿ ಬಾಲಿಯಲ್ಲಿ ಫಾರಿನರ್ಸ್ ಎಷ್ಟೋ ಜನ ಹಂಗೇ ಮಾಡಿರೋದು 😄

ಕಾಗದ_ಪತ್ರ

ಬಸ್ಯಣ್ಣ, ಅದೇ 1960ರ ಕಾನೂನಿನ 26ನೇ ವಿಧಿ ಎರಡನೇ ಭಾಗ ಓದಿ. ವಿದೇಶಿಗೆ ನೇರವಾಗೋ ಸುತ್ತಿಬಳಸಿಯೋ ಹಕ್ಕು ಹೋಗೋ ಹಂಗೆ ಯಾವ ವ್ಯವಹಾರ ಮಾಡಿದ್ರೂ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳೋ ಹಾಗೂ ಇಲ್ಲ. ಫ್ರೆಂಡ್ ಒಳ್ಳೆಯವನೇ ಇರಬಹುದು, ಅವನು ಸತ್ತ ಮೇಲೆ ಅವನ ಮಕ್ಕಳು?

ಸುರಬಾಯ_ಸೀನ

ಕಾಗದ ಸಾರ್ ಥ್ಯಾಂಕ್ಸ್. ಒಪ್ಪಂದ ಮಾಡಿಲ್ಲ, ಹಿಂಗೆ ಒಂದಿದೆ ಅಂತಾನೇ ಗೊತ್ತಿರ್ಲಿಲ್ಲ. ಕೆಟಿಪಿ ಇನ್ನೂ ತವರಿನ ವಿಳಾಸದಲ್ಲೇ ಇದೆ, ಸುರಬಾಯಕ್ಕೆ ಬದಲಾಯಿಸ್ಬೇಕು ಅಂತ ಹೇಳ್ತಾನೇ ಇದ್ಲು, ಈಗ ಸುಮ್ನಿರು ಅಂದಿದೀನಿ. ಭೋಗ್ಯದ್ದು ಹೇಳಿ ಸಾರ್, ಪಕ್ಕದ ಮನೆಯವರು ಎರಡು ದಿನಕ್ಕೊಂದು ಸಲ ಅತ್ತೆಗೆ ವಾಟ್ಸಾಪ್ ಮಾಡ್ತಿದಾರೆ.

ಮದಿಯೂನ್_ಶಾಂತಕ್ಕ

ಸೀನ, ಕಾನೂನು ಅವರು ಹೇಳಿದ್ದಾಯ್ತು, ನಾನು ಊರಿನ ಕಡೆಯಿಂದ ಹೇಳ್ತೀನಿ. ನಾನು ಇಲ್ಲೇ ಮದಿಯೂನ್ ಹತ್ರ ಹಳ್ಳಿಯಲ್ಲಿ ಸೊಸೆ, ನಿಮ್ಮ ಙಾವಿಗೂ ನಮಗೂ ದೂರ ಇಲ್ಲ, ಪದ್ಧತಿ ಹೆಚ್ಚುಕಮ್ಮಿ ಒಂದೇ.

ಮೊದಲನೇದು ಆ ಚಿಕ್ಕಮಾವನ ಗದ್ದೆ. ಅದರ ಬಗ್ಗೆ ದಯವಿಟ್ಟು ಬಾಯಿ ಬಿಡಬೇಡಿ, ನಿಮ್ಮ ಹೆಂಡತಿ ಮರ್ಯಾದೆ ಹೋಗತ್ತೆ. ಅವರು ಕಾಮಿತುವೊ ಅಂದ್ರಲ್ಲ, ಅದು ಬೆಂಕೊಕ್ ಜಮೀನು ಇರೋದು ಮುಕ್ಕಾಲು ಪಾಲು ಗ್ಯಾರಂಟಿ. ನಮ್ಮಲ್ಲಿ ಉಂಬಳಿ ಅಂತಿದ್ರಲ್ಲ ಅದೇ ತರ. ಜಮೀನು ಊರಿನದು, ಕೆಲಸದಲ್ಲಿ ಇರೋವರೆಗೂ ಅದರ ಬೆಳೆ ಇವರಿಗೆ, ಅರವತ್ತು ತುಂಬಿ ಕೆಲಸ ಬಿಟ್ರು ಅಂದ್ರೆ ಮುಂದಿನವರಿಗೆ ಹೋಗತ್ತೆ. ಊರಿನ ಮುಖ್ಯಸ್ಥನಿಗೆ, ಕಾರಿಕ್‌ಗೆ (ಊರಿನ ಕಾರ್ಯದರ್ಶಿ), ಕಾಮಿತುವೊಗೆ, ಪ್ರತಿಯೊಬ್ಬರಿಗೂ ಒಂದೊಂದು ಭಾಗ, ಸಾಮಾನ್ಯವಾಗಿ ಒಳ್ಳೇ ನೀರಿರೋ ಗದ್ದೆಗಳೇ ಬೆಂಕೊಕ್ ಆಗಿರತ್ತೆ ನೋಡಿ, ಅದಕ್ಕೇ ನಿಮಗೆ ಚೆನ್ನಾಗಿ ಕಂಡಿರೋದು. ಸಂಬಳ ಬೇರೆ ಬರತ್ತೆ ಈಗ, ಆದ್ರೂ ಆ ಕೆಲಸಕ್ಕೆ ಪರೀಕ್ಷೆ ಕರೆದಾಗ ಊರಲ್ಲಿ ನೂಕುನುಗ್ಗಲು ಯಾಕೆ ಅಂದ್ರೆ ಈ ಗದ್ದೆಗೇ.

ಎರಡನೇದು ಹಂಚಿಕೆ. ಜಾವಾದಲ್ಲಿ ಹಳೇ ಮಾತು ಒಂದಿದೆ, ಗಂಡಿಗೆ ಹೆಗಲ ಮೇಲಿನ ಕಾವಡಿ ಹೊರೆ, ಹೆಣ್ಣಿಗೆ ಬೆನ್ನ ಮೇಲಿನ ಹೊರೆ ಅಂತ, ಅಂದ್ರೆ ಎರಡು ಪಾಲು ಒಂದು ಪಾಲು, ಇಸ್ಲಾಂ ಲೆಕ್ಕಕ್ಕೂ ಅದು ಕೂಡತ್ತೆ. ಆದ್ರೆ ಎಷ್ಟೋ ಮನೆಗಳಲ್ಲಿ ಸಮ ಸಮ ಹಂಚ್ತಾರೆ. ನಮ್ಮ ಮಾವನೂ ಬದುಕಿರುವಾಗ್ಲೇ ಎಲ್ರನ್ನೂ ಕೂರಿಸ್ಕೊಂಡು, ಇಂಥವನಿಗೆ ಕಾಲುವೆ ಪಕ್ಕದ್ದು, ಇಂಥವಳಿಗೆ ರೋಡ್ ಪಕ್ಕದ್ದು ಅಂತ ಹೇಳಿ ಮುಗಿಸಿದ್ರು. ಅದರಲ್ಲಿ ಬರೀ ಅಳತೆ ನೋಡಲ್ಲ. ತೈವಾನ್‌ಗೆ ಹೋಗೋಕೆ ಅಣ್ಣನಿಗೆ ದುಡ್ಡು ಯಾರು ಕೊಟ್ರು, ಅದಕ್ಕೆ ಏನಾದ್ರೂ ಮಾರಿದ್ರಾ, ನಿಮ್ಮ ಹೆಂಡತಿನ ಕಾಲೇಜ್ ಓದ್ಸೋಕೆ ಎಷ್ಟು ಖರ್ಚಾಯ್ತು, ಅದೆಲ್ಲ ಹಿರಿಯರ ತಲೆಯಲ್ಲಿ ಲೆಕ್ಕ ಇರತ್ತೆ. ಓದಿದ ಮಗಳಿಗೆ ಗದ್ದೆ ಕಮ್ಮಿ ಬಂದ್ರೆ ಅನ್ಯಾಯ ಅಂತ ಕೂಗಾಡಬೇಡಿ. ಅಳಿಯ ಆ ಕೂಟದಲ್ಲಿ ಟೀ ಕುಡ್ಕೊಂಡು ತಲೆ ಆಡಿಸ್ತಾ ಕೂತಿರಬೇಕು ಅಷ್ಟೆ, ಅದೂ ಒಂದು ಕಲೆನೇ.

ಇನ್ನೊಂದು, ನಿಮ್ಮ ಹೆಂಡತಿ ಕೊನೆಯವಳು ಅಂದ್ರಲ್ಲ, ಅದಕ್ಕೆ ರಾಗಿಲ್ ಅಂತಾರೆ. ಅಪ್ಪ ಅಮ್ಮ ಇರೋ ಮನೆ ಹೆಚ್ಚಾಗಿ ರಾಗಿಲ್‌ಗೇ ಹೋಗೋದು, ಯಾಕಂದ್ರೆ ಕೊನೆಗಾಲದಲ್ಲಿ ನೋಡ್ಕೊಳ್ಳೋದೂ ಅವರೇ ಅಂತ. ಹಾಗಾಗಿ ಮನೆ ಕಟ್ಟೋ ಚಿಂತೆ ನಿಮಗ್ಯಾಕೆ, ಹಿತ್ತಲ ಸಮೇತ ಮನೆ ಬರಬಹುದು. ಅದರ ಜೊತೆ ಅತ್ತೆ ಮಾವನೂ ಬರ್ತಾರೆ, ಅದನ್ನ ಈಗ್ಲೇ ಇಬ್ರೂ ಕೂತು ಮಾತಾಡ್ಕೊಳ್ಳಿ, ಅಕ್ಕ ಊರಲ್ಲೇ ಇದಾಳೆ, ದಿನಾ ನೋಡ್ಕೊಳ್ತಿರೋದು ಅವಳೇ ಆಗಿರತ್ತೆ, ಮನೆ ಮಾತ್ರ ಸುರಬಾಯದಲ್ಲಿರೋ ತಂಗಿಗೆ ಅಂದ್ರೆ ಅವಳ ಮನಸ್ಸಲ್ಲಿ ಏನಾಗತ್ತೆ ಯೋಚ್ನೆ ಮಾಡಿ.

ಗದ್ದೆ ವಿಷಯಕ್ಕೆ ಬರೋಣ. ನೀವು ಸುರಬಾಯದಲ್ಲಿದ್ದು ಗದ್ದೆ ಮಾಡೋರು ಯಾರು? ಮಾರೊ ಕೊಡ್ತೀರಾ, ಅಂದ್ರೆ ಅರ್ಧ ಪಾಲಿಗೆ, ಸರಿ. ನಿಮಗೆ ಆ ಗದ್ದೆ ತೋರಿಸುವಾಗ ಅದರಲ್ಲಿ ಈಗ ಯಾರು ದುಡೀತಿದಾರೆ ಅಂತ ಕೇಳಿದ್ರಾ? ಪಕ್ಕದ ಮನೆಯವರೇ ಮಾಡ್ತಿದಾರೋ, ಇಲ್ಲಾ ಅವರ ಯಾರೋ ಬಡ ನೆಂಟ ಪಾಲಿಗೆ ಮಾಡ್ತಿದಾನೋ? ಅವನನ್ನ ಬಿಡಿಸಿ ನಿಮ್ಮ ಕಡೆಯವರಿಗೆ ಕೊಟ್ರೆ ಒಂದು ಬಾಗಿಲು ಮುಚ್ಚಿದ ಹಾಗೆ, ಹಳ್ಳಿಯಲ್ಲಿ ಅದನ್ನ ಯಾರೂ ಮರೆಯಲ್ಲ. ನೀರು ಎಲ್ಲಿಂದ? ನಮ್ಮ ಕಡೆ ಮಳೆಗಾಲದ ಬೆಳೆಗೆ ಕಾಲುವೆ ನೀರು ಸಾಕು, ಬೇಸಿಗೆ ಬೆಳೆಗೆ ಸಿಬೆಲ್ ಬೇಕು (ಬೋರ್‌ವೆಲ್ ಒಳಗೆ ಇಳಿಸೋ ಪಂಪ್‌ಗೆ ಇಲ್ಲಿ ಅದೇ ಹೆಸರು). ಸಿಬೆಲ್ ಇರೋನು ನೀರಿಗೆ ದುಡ್ಡಿನ ಬದಲು ಬೆಳೆಯಲ್ಲೇ ಪಾಲು ತಗೊಳ್ಳೋದು ಉಂಟು. ಅಂದ್ರೆ ಗದ್ದೆ ಮಾಡೋನಿಗೆ, ನೀರಿನವನಿಗೆ, ಕೊಯ್ಯೋರಿಗೆ ಎಲ್ಲ ಹೋಗಿ ಮಿಕ್ಕಿದ್ದು ನಿಮಗೆ.

ಕೊಯ್ಲು ಅಂದ್ರೆ ಮುಂಚೆ ಇಡೀ ಊರಿನ ಹೆಂಗಸರು ಬರೋರಂತೆ. ಅಂಗೈಯಲ್ಲಿ ಮುಚ್ಚಿಟ್ಕೊಳ್ಳೋ ಪುಟ್ಟ ಚಾಕು, ಆನಿ-ಆನಿ, ಒಂದೊಂದೇ ತೆನೆ ಕೊಯ್ಯೋದು, ಭತ್ತದ ದೇವತೆ ದೇವಿ ಶ್ರೀಗೆ ಕತ್ತಿ ಕಂಡು ಹೆದರಿಕೆ ಆಗಬಾರದು ಅಂತ. ಕೊಯ್ದಿದ್ದರಲ್ಲಿ ಬಾವೊನ್ ಅಂತ ಪಾಲು, ಹತ್ತಿರದ ನೆಂಟರಿಗೆ ಜಾಸ್ತಿ, ಹೊರಗಿನವರಿಗೆ ಕಮ್ಮಿ, ಊರಿಂದ ಊರಿಗೆ ಲೆಕ್ಕ ಬೇರೆ. ಯಾರು ಬಂದ್ರೂ ಬೇಡ ಅನ್ನೋ ಹಾಗಿರ್ಲಿಲ್ಲ. ಎಪ್ಪತ್ತರ ದಶಕದಲ್ಲಿ ಗಿಡ್ಡ ತಳಿ ಬಂತು, ಕುಡುಗೋಲು ಬಂತು, ತೆಬಾಸಾನ್ ಬಂತು, ಅಂದ್ರೆ ನಿಂತ ಬೆಳೆನೇ ವ್ಯಾಪಾರಿಗೆ ಮಾರಿಬಿಡೋದು, ಅವನು ತನ್ನ ಆಳು ತರ್ತಾನೆ. ಈಗ ಕಟಾವು ಮಷಿನ್ನು, ಒಂದು ಬಾವು ಬೆಳಗಿಂದ ಮಧ್ಯಾಹ್ನದೊಳಗೆ ಖಾಲಿ. ನಮ್ಮ ಅತ್ತೆ ಅತ್ತಿತ್ತ ನೋಡ್ತಾ ಮಷಿನ್ ಬಿಟ್ಟುಹೋದ ಮೂಲೆಗಳಲ್ಲಿ ಈಗ್ಲೂ ತೆನೆ ಆಯ್ದು ಸೆರಗಿಗೆ ಹಾಕ್ಕೊಳ್ತಾರೆ, ಬೇಡ ಅಂದ್ರೆ ಕೇಳಲ್ಲ.

ಹಾಂ, ಒಂದು ಮುಖ್ಯ ಮರೆತೆ. ಹೋದಾಗ ಸಂಜೆ ಮೇಲೆ ಫೋಟೋ ತೆಗೀತೀನಿ ಅಂತ ಬದುವಿನ ಮೇಲೆ ಓಡಾಡಬೇಡಿ. ಇಲಿ ಕಾಟಕ್ಕೆ ಗದ್ದೆ ಸುತ್ತ ತಂತಿ ಎಳೆದು ಕರೆಂಟ್ ಬಿಡ್ತಾರೆ. ಙಾವಿ, ಸ್ರಾಗೆನ್ ಕಡೆ ಅದಕ್ಕೆ ಸಿಕ್ಕಿ ಸತ್ತ ರೈತರ ಸುದ್ದಿ ಆಗಾಗ ಬರ್ತಾನೇ ಇರತ್ತೆ, ತಾನೇ ಹಾಕಿದ ತಂತಿಗೆ ತಾನೇ ಸತ್ತೋರೂ ಇದಾರೆ. ಬೇಡ ಅಂತ ಹೇಳಿ ಗೂಬೆಗೆ ಕಂಬದ ಮೇಲೆ ಗೂಡು ಕಟ್ಟಿಸೋದು ಶುರು ಮಾಡಿದಾರೆ, ಇಲಿ ತಿನ್ಲಿ ಅಂತ. ಆದ್ರೂ ತಂತಿ ಹೋಗಿಲ್ಲ.

ಕಾಗದ_ಪತ್ರ

ಶಾಂತಕ್ಕ ಚಿನ್ನದಂಥ ಮಾತು ಹೇಳಿದ್ರಿ. ಭೋಗ್ಯದ್ದು ಹೇಳ್ತೀನಿ ಸೀನ.

ಗಡಾಯ್‌ನಲ್ಲಿ ಒಡೆತನ ಬದಲಾಗಲ್ಲ, ಬೆಳೆ ತಿನ್ನೋ ಹಕ್ಕು ಮಾತ್ರ. ಊರಲ್ಲಿ ನಡೆಯೋ ರೀತಿ ಏನು, ದುಡ್ಡು ವಾಪಸ್ ಬರೋವರೆಗೂ ಇಟ್ಕೋ, ಇಪ್ಪತ್ತು ವರ್ಷ ಆದ್ರೂ ಸರಿ. ಕಾನೂನು ಹಾಗೆ ಹೇಳಲ್ಲ. 1960ರಲ್ಲೇ ಇನ್ನೊಂದು ಬಂತು, 56ನೇ ನಂಬರ್ದು, ಯಾರು ಎಷ್ಟು ಜಮೀನು ಇಟ್ಕೋಬಹುದು ಅಂತ ಮಿತಿ ಹಾಕಿದ್ದು. ಅದರ ಏಳನೇ ವಿಧಿ ಪ್ರಕಾರ ಭೋಗ್ಯಕ್ಕೆ ಏಳು ವರ್ಷ ತುಂಬಿದ್ರೆ, ಗದ್ದೆಯಲ್ಲಿರೋ ಬೆಳೆ ಕೊಯ್ದ ಒಂದು ತಿಂಗಳಲ್ಲಿ ಮಾಲೀಕನಿಗೆ ಸುಮ್ನೆ ವಾಪಸ್ ಕೊಡಬೇಕು, ಒಂದು ರುಪಿಯಾನೂ ಕೇಳೋ ಹಾಗಿಲ್ಲ. ಅಷ್ಟು ವರ್ಷ ಬೆಳೆ ತಿಂದಿದೀಯಲ್ಲ, ನಿನ್ನ ದುಡ್ಡು ಬಂದಾಯ್ತು ಅನ್ನೋದು ತರ್ಕ. ಏಳು ವರ್ಷದೊಳಗೆ ಮಾಲೀಕ ಬಿಡಿಸ್ಕೊಳ್ಳೋಕೆ ಬಂದ್ರೂ ಪೂರ್ತಿ ಕೊಡಬೇಕಾಗಿಲ್ಲ. ಏಳೂವರೆಯಿಂದ ಎಷ್ಟು ವರ್ಷ ನಡೆದಿದೆ ಅಂತ ಕಳೆದು, ಏಳರಿಂದ ಭಾಗಿಸಿ, ದುಡ್ಡಿಗೆ ಗುಣಿಸೋದು. ನಿಮ್ಮ 50 ಜುತಾನೇ ತಗೊಳ್ಳಿ, ಮೂರು ವರ್ಷ ಆದ್ಮೇಲೆ ಅವರು ಬಂದ್ರೆ ಕಾನೂನು ಪ್ರಕಾರ ಕೊಡಬೇಕಾಗಿರೋದು 32 ಜುತಾ ಚಿಲ್ಲರೆ.

ತರ್ಕ ಸರಿ ಇದ್ಯಾ ಅಂತ ನೀವೇ ಲೆಕ್ಕ ಹಾಕಿ. ಅರ್ಧ ಬಾವು ಅಂದ್ರೆ 3,500 ಚದರ ಮೀಟರ್, ಹೆಕ್ಟೇರಿಗೆ ಆರು ಟನ್ ಹಸಿ ಭತ್ತ ಅಂದ್ಕೊಂಡ್ರೆ ಬೆಳೆಗೆ ಎರಡು ಟನ್ ಚಿಲ್ಲರೆ. ಸರ್ಕಾರ 2025ರ ಜನವರಿಯಿಂದ ಕೊಯ್ಲಿನ ಭತ್ತಕ್ಕೆ ಕೆಜಿಗೆ 6,500 ರುಪಿಯಾ ಬೆಲೆ ಕಟ್ಟಿದೆ. ಅಂದ್ರೆ ಒಂದು ಬೆಳೆಗೆ 13 ಜುತಾ ಮೇಲೆ, ಅರ್ಧ ಗದ್ದೆ ಮಾಡೋನಿಗೆ ಹೋಗಿ ನಿಮಗೆ ಆರೂವರೆ ಏಳು, ಅದರಲ್ಲಿ ಗೊಬ್ಬರ ನೀರಿನ ಪಾಲು ಕಳೀರಿ. ವರ್ಷಕ್ಕೆ ಎರಡು ಬೆಳೆ ಗ್ಯಾರಂಟಿ, ಮೂರನೇದು ನೀರಿದ್ರೆ. ಏಳು ವರ್ಷದಲ್ಲಿ 50 ವಾಪಸ್ ಬರತ್ತೋ ಇಲ್ವೋ? ಬರತ್ತೆ, ಆಮೇಲೂ ಅಸಲು ಪೂರ್ತಿ ಕೇಳೋದು ಅಂದ್ರೆ ಅದೇ ಕಾರಣಕ್ಕೆ ಕಾನೂನು ಬಂದಿದ್ದು. ಊರಲ್ಲಿ ಯಾರೂ ಈ ಕಾನೂನು ಎತ್ತಲ್ಲ, ಎತ್ತಿದ್ರೆ ಮುಂದೆ ಯಾರೂ ದುಡ್ಡು ಕೊಡಲ್ಲ ಅಂತ ಎಲ್ರಿಗೂ ಗೊತ್ತು. ಆದ್ರೆ ಕೊಟ್ಟಿರೋನು ವಿದೇಶಿ ಅಳಿಯ, ಸುರಬಾಯದಲ್ಲಿ ಫ್ಯಾಕ್ಟರಿ ಸಂಬಳ ಅಂದ್ರೆ ಎತ್ತೋಕೆ ಯಾರಾದ್ರೂ ಒಬ್ಬ ಸಿಕ್ಕೇ ಸಿಗ್ತಾನೆ, ಅದೂ ಆ ಮಗ ಕೊರಿಯಾದಿಂದ ದುಡ್ಡು ಮಾಡ್ಕೊಂಡು ಬಂದ್ಮೇಲೆ.

ನನ್ನ ಪ್ರಕಾರ ಭೋಗ್ಯದ ಬದಲು ಗುತ್ತಿಗೆಗೆ ತಗೊಳ್ಳಿ. ಇಷ್ಟು ವರ್ಷಕ್ಕೆ ಇಷ್ಟು ಅಂತ ಮುಂಗಡ ಕೊಟ್ಟು ಹೆಂಡತಿ ಹೆಸರಲ್ಲಿ ಚೀಟಿ, ಊರಿನ ಆಫೀಸಲ್ಲಿ ಸಾಕ್ಷಿ ಸಹಿ. ಮುಗಿದ್ಮೇಲೆ ಕೊಡೋದೂ ಇಲ್ಲ ತಗೊಳ್ಳೋದೂ ಇಲ್ಲ.

ಅದಕ್ಕಿಂತ ಮುಂಚೆ ಮಾವನ ಕಾಗದ ಸರಿ ಮಾಡ್ಸಿ. ಲೆಟರ್ ಸಿ ಅನ್ನೋದು ಹಳೇ ತೆರಿಗೆ ಪುಸ್ತಕ, ಒಡೆತನದ ದಾಖಲೆ ಅಲ್ಲ, ತಾತನ ಹೆಸರಲ್ಲಿದ್ರೆ ಮಾವನ ಅಣ್ಣತಮ್ಮಂದಿರು ಅಕ್ಕತಂಗಿಯರು ಎಲ್ರೂ ಅದರಲ್ಲಿ ವಾರಸುದಾರರೇ. ಚಿಕ್ಕಮಾವನೂ ಸೇರಿ! ಅವರಿಗೆ ಅವರ ಪಾಲು ಆಗ್ಲೇ ಮುಟ್ಟಿದೆ ಅಂತ ಬರಹದಲ್ಲಿ ಇದ್ಯಾ? ಹಳೇ ದಾಖಲೆಗಳನ್ನ ಪುರಾವೆ ಅಂತ ಒಪ್ಪೋಕೆ 2021ರ 18ನೇ ಸರ್ಕಾರಿ ನಿಯಮ ಐದೇ ವರ್ಷ ಕೊಟ್ಟಿದ್ದು, 2026ರ ಫೆಬ್ರವರಿವರೆಗೆ, ಆಮೇಲೆ ಅವು ಬರೀ ಸುಳಿವು ಅಷ್ಟೆ. ಜಮೀನು ಎಲ್ಲೂ ಹೋಗಲ್ಲ, ಹೆದರಬೇಡಿ, ಆದ್ರೆ ಯಾರು ಎಷ್ಟು ವರ್ಷದಿಂದ ಉಳ್ತಿದಾರೆ ಅಂತ ಬರೆದುಕೊಡೋ ಪತ್ರ, ಅಕ್ಕಪಕ್ಕದವರ ಸಾಕ್ಷಿ ಎಲ್ಲ ಗಟ್ಟಿ ಇರಬೇಕು. ಪಿಟಿಎಸ್‌ಎಲ್ ಅಂತ ಇಡೀ ಊರನ್ನ ಒಟ್ಟಿಗೆ ಅಳೆದು ಸರ್ಟಿಫಿಕೇಟ್ ಕೊಡೋ ಕಾರ್ಯಕ್ರಮ ಇದೆ, ನಿಮ್ಮ ಊರಿಗೆ ಬಂದಿದ್ಯಾ ಅಂತ ಚಿಕ್ಕಮಾವನ್ನೇ ಕೇಳಿ, ಕಾಮಿತುವೊಗೆ ಗೊತ್ತಿಲ್ದೆ ಆ ಅಳತೆ ನಡೆಯಲ್ಲ.

ಪಡಾಂಗ್_ಪ್ರಕಾಶ

ಓದ್ತಾ ಓದ್ತಾ ನಗು ಬಂತು, ಇಲ್ಲಿ ಪಶ್ಚಿಮ ಸುಮಾತ್ರದಲ್ಲಿ ನೋಡಿ ಪೂರಾ ಉಲ್ಟಾ. ಮಿನಾಂಗ್‌ಕಬಾವು ಜನ, ಗದ್ದೆ ಎಲ್ಲ ತಾಯಿ ಕಡೆಯಿಂದ ಬರೋದು, ಅಳಿಯಸಂತಾನ ಕೇಳಿದೀವಲ್ಲ ಹಾಗೆ, ಸೋದರಮಾವ ಮೇಲ್ವಿಚಾರಣೆ ಮಾಡ್ತಾನೆ. ಹಿರಿಯರಿಂದ ಬಂದ ಗದ್ದೆ ಮನೆತನದ್ದು, ಒಬ್ಬರ ಹೆಸರಿನದಲ್ಲ, ಮಾರೋ ಹಾಗಿಲ್ಲ. ಭೋಗ್ಯಕ್ಕೆ ಹಾಕೋಕೂ ಸಂಪ್ರದಾಯದಲ್ಲಿ ನಾಲ್ಕೇ ಕಾರಣ: ದೊಡ್ಡಮನೆ ಸೋರ್ತಿದ್ರೆ, ವಯಸ್ಸಿಗೆ ಬಂದ ಹುಡುಗಿಗೆ ಮದುವೆ ಆಗ್ದೆ ಇದ್ರೆ, ಮನೆಯಲ್ಲಿ ಹೆಣ ಇದ್ದು ಖರ್ಚಿಗಿಲ್ದಿದ್ರೆ, ಮನೆತನದ ಮುಖ್ಯಸ್ಥನ ಪಟ್ಟ ಮತ್ತೆ ಕಟ್ಟಬೇಕಾದ್ರೆ. ಮಗನ್ನ ಕೊರಿಯಾಗೆ ಕಳಿಸೋದು ಲಿಸ್ಟಲ್ಲಿ ಇಲ್ಲ 😂 ಹೊರಗಿಂದ ಬಂದ ಗಂಡನಿಗೆ ಇಲ್ಲಿನವರ ಗಾದೆ, ಸುಟ್ಟ ಮರದ ಬುಡದ ಮೇಲಿನ ಬೂದಿ ಅಂತ, ಗಾಳಿ ಬೀಸಿದ್ರೆ ಮುಗೀತು. ಜಾವಾದವಳನ್ನ ಮದುವೆ ಆಗಿದೀರ, ಪುಣ್ಯ ಮಾಡಿದೀರ.

ಬಾಲಿ_ಬಸ್ಯ

ಆಯ್ತಪ್ಪ ಫ್ರೆಂಡ್ ಐಡಿಯಾ ವಾಪಸ್ ತಗೊಂಡೆ. ಆದ್ರೆ ಬಾಲಿದೂ ಒಂದು ಹೇಳ್ಬಿಡ್ತೀನಿ, ಇಲ್ಲಿ ಗದ್ದೆ ಜೊತೆ ಸುಬಾಕ್ ಬರತ್ತೆ. ಒಂದೇ ಕಾಲುವೆ ನೀರು ಕುಡಿಯೋ ಗದ್ದೆಯವರ ಸಂಘ, ಯಾವಾಗ ನಾಟಿ, ಯಾವಾಗ ಗದ್ದೆ ಒಣಗಿಸೋದು ಎಲ್ಲ ಅವರೇ ಕೂತು ತೀರ್ಮಾನ, ನೀರಿನ ದೇವಸ್ಥಾನದ ಪೂಜೆಗೆ, ಕಾಲುವೆ ಹೂಳು ತೆಗೆಯೋಕೆ ಹೋಗ್ಲೇಬೇಕು, ಇಲ್ದಿದ್ರೆ ದಂಡ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನಮ್ಮ ಪಕ್ಕದ ಓನರ್ ಡೆನ್ಪಸಾರ್‌ನಲ್ಲಿ ಕೂತಿರ್ತಾನೆ, ಅವನ ಬದಲು ಹೂಳು ತೆಗೆಯೋಕೆ ಹೋಗೋದು ಪಾಲಿಗೆ ಮಾಡೋನೇ.

ಸುರಬಾಯ_ಸೀನ

ರಾತ್ರಿ ಹೆಂಡತಿಗೆ ಎಲ್ಲಾ ಓದಿ ಹೇಳಿದೆ. ಚಿಕ್ಕಮಾವನ ಗದ್ದೆ ಬೆಂಕೊಕ್ಕೇ ಅಂತೆ, "ಅಷ್ಟೂ ಗೊತ್ತಿಲ್ವಾ ನಿಮಗೆ" ಅಂತ ಬೈದ್ಲು. ಪಕ್ಕದವರ ಗದ್ದೆನ ಈಗ ಪಾಲಿಗೆ ಮಾಡ್ತಿರೋದು ಯಾರು ಅಂತ ಕೇಳಿದ್ರೆ, ಅವಳ ಅಕ್ಕನ ಗಂಡ! ಅಂದ್ರೆ ನಾನು ಭೋಗ್ಯಕ್ಕೆ ತಗೊಳ್ಳದೆ ಬೇರೆಯವರು ತಗೊಂಡ್ರೆ ಷಡ್ಡಕನ ಕೆಲಸ ಹೋಗಬಹುದು. ಅದಕ್ಕೇ ಅತ್ತೆ ಅಷ್ಟು ಸಲ ಫೋನ್ ಮಾಡ್ತಿದ್ರಾ ಅಂತ ಈಗ ಹೊಳೀತಿದೆ, ಬಾಯಿಬಿಟ್ಟು ಯಾರೂ ಹೇಳಲ್ಲ ಇಲ್ಲಿ.

ಮದಿಯೂನ್_ಶಾಂತಕ್ಕ

ನೋಡಿದ್ರಾ. ಹಾಗಿದ್ರೆ ದುಡ್ಡು ಹಾಕಿ, ಆದ್ರೆ ಕಾಗದ ಅವರು ಹೇಳಿದ ಹಾಗೆ ಗುತ್ತಿಗೆ ಚೀಟಿ, ಮೂರೋ ನಾಲ್ಕೋ ವರ್ಷಕ್ಕೆ. ಷಡ್ಡಕನೇ ಮಾಡ್ಕೊಂಡು ಹೋಗ್ಲಿ, ಪಾಲು ಈಗ ಹೇಗಿದ್ಯೋ ಹಾಗೇ ಇರ್ಲಿ, ನೀವು ಬಂದ್ರಿ ಅಂತ ಒಂದು ಕೆಜಿನೂ ಜಾಸ್ತಿ ಕೇಳಬೇಡಿ. ಹಂಚಿಕೆ ಮಾತು ಬಂದಾಗ ಅಕ್ಕನ ಮುಖ ಬೇರೆಯೇ ಇರತ್ತೆ ನೋಡಿ. ಮತ್ತೆ 50 ಜುತಾ ಬೇಡ, ಗುತ್ತಿಗೆಗೆ ಅಷ್ಟು ಯಾರೂ ಕೊಡಲ್ಲ, ಆ ಊರಲ್ಲಿ ಬಾವುಗೆ ವರ್ಷಕ್ಕೆ ಎಷ್ಟು ನಡೀತಿದೆ ಅಂತ ಷಡ್ಡಕನ್ನೇ ಕೇಳಿ. ಪಕ್ಕದವರಿಗೆ ಅದು ಸಾಲದೇ ಹೋದ್ರೆ ಉಳಿದಿದ್ದು ಅವರು ಬೇರೆ ಕಡೆ ನೋಡ್ಕೊಳ್ತಾರೆ.

ಸುರಬಾಯ_ಸೀನ

ಸರಿ ಅಕ್ಕ. ಒಪ್ಪಂದಕ್ಕೆ ನೋಟರಿ ಅಪಾಯಿಂಟ್‌ಮೆಂಟ್ ತಗೊಂಡಾಯ್ತು. ಮುಂದಿನ ವಾರ ಊರಿಗೆ ಹೋಗ್ತಿದೀವಿ, ಮಾವನ ಗದ್ದೆ ಕೊಯ್ಲಿಗೆ ಮುಂಚೆ ಮೆಥಿಕ್ ಪೂಜೆ ಇದೆಯಂತೆ. ಬರೀಗೈಲಿ ಹೋಗಬಾರದಲ್ಲ, ಏನು ತಗೊಂಡು ಹೋಗ್ಲಿ?

ಮದಿಯೂನ್_ಶಾಂತಕ್ಕ

ಮೆಥಿಕ್‌ಗೆ ಬೇಕಾಗಿದ್ದು ಮನೆಯವರೇ ಮಾಡಿರ್ತಾರೆ, ಬಾಳೆ ಎಲೆ ದೊನ್ನೆಯಲ್ಲಿ ಹಸಿ ಮೊಟ್ಟೆ, ಮೆಣಸಿನಕಾಯಿ, ಈರುಳ್ಳಿ, ಒಂದು ನಾಣ್ಯ, ಅದನ್ನ ನೀರು ಒಳಗೆ ಬರೋ ಮೂಲೆಯಲ್ಲಿ ಇಡ್ತಾರೆ. ಕೆಲವು ಮನೆಯವರು ಈಗ ಧರ್ಮಕ್ಕೆ ಆಗಿಬರಲ್ಲ ಅಂತ ಬಿಟ್ಟಿದಾರೆ, ನಿಮ್ಮ ಮಾವ ಇನ್ನೂ ಮಾಡ್ತಾರೆ ಅಂದ್ರೆ ಸಂತೋಷ. ನೀವು ಸಕ್ಕರೆ, ಟೀ ಪುಡಿ, ಒಂದು ಪ್ಯಾಕ್ ಸಿಗರೇಟು ತಗೊಂಡು ಹೋಗಿ. ಸಕ್ಕರೆ ಟೀ ಪುಡಿ ಅಕ್ಕನ ಕೈಗೆ ಕೊಡಿ, ಅತ್ತೆ ಕೈಗೆ ಬೇಡ.